27 ಪರ್ಸೆಂಟ್ ಬಂದ ಸಿನಿಮಾಕ್ಕೆ ಸೀಟಿ ಯಾಕೆ ಬೀಳುತ್ತದೆ?

ರಜೆ ಬಂದಿರುತ್ತದೆ, ಮಕ್ಕಳು ಶಾರ್ಕ್ ಸಿನಿಮಾ ನೋಡಲೇಬೇಕೆಂದು ಹಟ ಹಿಡಿದಿರುತ್ತಾರೆ. ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ವಿಜಯಪುರಕ್ಕೆ ಬಂದು ಸಿನಿಮಾ ನೋಡುವುದೆಂದರೆ ಬಸ್ಸು, ಟಿಕೆಟ್, ತಿಂಡಿ ಎಲ್ಲ ಸೇರಿ ನಾಲ್ಕು ಜನರ ಮನೆಗೆ ಸಣ್ಣ ಖರ್ಚಲ್ಲ. ಹೊರಡುವ ಮೊದಲು ಯಾರಾದರೂ ಮೊಬೈಲಿನಲ್ಲಿ ಆ ಸಿನಿಮಾದ ಹೆಸರು ಹಾಕಿ ನೋಡುತ್ತಾರೆ. ಹಸಿರು ಬಣ್ಣದ ಜಜ್ಜಿದ ಟೊಮ್ಯಾಟೊ ಚಿತ್ರ, ಪಕ್ಕದಲ್ಲಿ 27 ಪರ್ಸೆಂಟ್. "ಬ್ಯಾಡ ಬಿಡ್ರಿ, ಫೇಲಾಗೇತಿ" ಎಂದು ಮಾತು ಮುಗಿಯುತ್ತದೆ. ಅಷ್ಟರಲ್ಲಿ ಆಗಲೇ ನೋಡಿ ಬಂದ ಪಕ್ಕದ ಮನೆಯ ಹುಡುಗ "ಏ ಕಾಕಾ, ಲಾಸ್ಟಿಗೆ ಭಾರಿ ಮಜಾ ಐತ್ರಿ" ಅನ್ನುತ್ತಾನೆ.

ಹುಡುಗ ಸುಳ್ಳು ಹೇಳುತ್ತಿಲ್ಲ. 27 ಕೂಡ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ದೈತ್ಯಪ್ರಾಣಿಗಳ ಸಿನಿಮಾಗಳ ವಿಷಯದಲ್ಲಿ, ಅದರಲ್ಲೂ ಅವುಗಳ ಎರಡನೇ ಭಾಗಗಳ ವಿಷಯದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಅರ್ಥ ಮಾಡಿಕೊಳ್ಳಲು ಒಂದೇ ಸಿನಿಮಾವನ್ನು ಎದುರಿಗಿಟ್ಟುಕೊಳ್ಳೋಣ: 2023ರ ಆಗಸ್ಟ್‌ನಲ್ಲಿ ತೆರೆಕಂಡ 'ಮೆಗ್ 2: ದ ಟ್ರೆಂಚ್'. ಎಂದೋ ಅಳಿದುಹೋದ ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಇನ್ನೂ ಸಮುದ್ರದ ತಳದಲ್ಲಿ ಬದುಕಿದೆ ಎಂಬ ಕಲ್ಪನೆಯ ಮೇಲೆ 2018ರಲ್ಲಿ ಬಂದ ಚಿತ್ರದ ಮುಂದುವರಿಕೆ ಅದು. ನಾಯಕ ಜೇಸನ್ ಸ್ಟೇಥಮ್.

ಹಲ್ಲು ತೋರಿಸುವ ಸಿನಿಮಾ, ಹಲ್ಲು ಬಚ್ಚಿಡುವ ಸಿನಿಮಾ

ಮನುಷ್ಯನಿಗಿಂತ ಬಲವಾದ ಒಂದು ಪ್ರಾಣಿ, ಅದರ ಬಾಯಿಗೆ ಸಿಗದಂತೆ ಓಡುವ ಒಂದಿಷ್ಟು ಜನ. ಈ ಬಗೆಯ ಸಿನಿಮಾಕ್ಕೆ ಬೇಕಾದ ಸಾಮಗ್ರಿ ಇಷ್ಟೇ. ಇಂಗ್ಲಿಷಿನವರು ಇದನ್ನು ಕ್ರೀಚರ್ ಫೀಚರ್ ಎನ್ನುತ್ತಾರೆ. 1933ರ 'ಕಿಂಗ್ ಕಾಂಗ್'ನಲ್ಲಿ ಬೃಹತ್ ಗೊರಿಲ್ಲಾ ನ್ಯೂಯಾರ್ಕಿನ ಎತ್ತರದ ಕಟ್ಟಡ ಹತ್ತಿತು. 1954ರಲ್ಲಿ ಜಪಾನಿನ ಇಶಿರೊ ಹೊಂಡಾ ಅಣುಬಾಂಬಿನ ಭಯಕ್ಕೆ ಮೈ ಕೊಟ್ಟು 'ಗಾಡ್ಜಿಲ್ಲಾ' ಮಾಡಿದರು. 1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ 'ಜಾಸ್' ಬಂತು. ಆಮೇಲೆ ಬಂದ ಶಾರ್ಕ್ ಸಿನಿಮಾಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದಕ್ಕೆ ಋಣಿ.

'ಜಾಸ್' ಚಿತ್ರೀಕರಣದಲ್ಲಿ ಒಂದು ತೊಂದರೆಯಾಯಿತು. ಯಂತ್ರದಿಂದ ಓಡಾಡುವ ನಕಲಿ ಶಾರ್ಕ್‌ಗಳು ಉಪ್ಪುನೀರಿಗೆ ಬಿದ್ದು ಪದೇ ಪದೇ ಕೆಟ್ಟವು. ವಿಧಿಯಿಲ್ಲದೆ ಸ್ಪೀಲ್‌ಬರ್ಗ್ ಶಾರ್ಕನ್ನು ಬಹಳ ಹೊತ್ತು ತೋರಿಸಲೇ ಇಲ್ಲ. ನೀರಿನ ಅಲುಗಾಟ, ಮುಳುಗುವ ಪೀಪಾಯಿ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರದ ಸಂಗೀತ, ಇಷ್ಟರಲ್ಲೇ ಜನ ಕುರ್ಚಿ ಹಿಡಿದು ಕೂತರು. ಕಾಣದ ಪ್ರಾಣಿಯ ಭಯ ಎಂಥದ್ದೆಂದು ಬೆಳಗಾವಿಯವರಿಗೆ ಬೇರೆ ಹೇಳಬೇಕಿಲ್ಲ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದ ಸುತ್ತ ಚಿರತೆಯೊಂದು ಕಾಣಿಸಿಕೊಂಡಾಗ ಹತ್ತಿರದ ಶಾಲೆಗಳಿಗೆ ರಜೆ ಕೊಟ್ಟಿದ್ದರು, ಹುಡುಕಾಟಕ್ಕೆ ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳು ಬಂದಿದ್ದವು. ಆ ಚಿರತೆಯನ್ನು ಕಣ್ಣಾರೆ ಕಂಡವರು ಕೆಲವೇ ಜನ, ಹೆದರಿದ್ದು ಇಡೀ ಊರು.

ಪ್ರಾಣಿಯನ್ನು ಬಚ್ಚಿಟ್ಟರೆ ಭಯ ಬೆಳೆಯುತ್ತದೆ. ಪೂರ್ತಿ ತೋರಿಸಿ, ಇನ್ನೂ ದೊಡ್ಡದು ಮಾಡಿ, ಒಂದರ ಜಾಗದಲ್ಲಿ ಮೂರು ಬಿಟ್ಟರೆ ಭಯ ಕರಗಿ ಬೆರಗು, ಅದರ ಹಿಂದೆಯೇ ನಗು ಬರುತ್ತದೆ. 'ಮೆಗ್' ಸರಣಿ ಈ ಎರಡನೇ ದಾರಿಯದು. ಅದನ್ನು 'ಜಾಸ್' ಪಕ್ಕದಲ್ಲಿಟ್ಟು ತೂಗಿದರೆ ತಕ್ಕಡಿ ಎಂದೂ ಸರಿ ತೋರಿಸುವುದಿಲ್ಲ.

ಕ್ಯಾಂಪ್: ಅತಿಯೇ ರುಚಿಯಾದಾಗ

ಇಂಥ ಸಿನಿಮಾಗಳ ವಿಮರ್ಶೆಗಳಲ್ಲಿ ಕ್ಯಾಂಪ್ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಅಭಿನಯ ಅತಿ, ಮಾತು ಅತಿ, ಘಟನೆ ಅತಿ, ಆದರೆ ಆ ಅತಿಯೇ ಖುಷಿ ಕೊಡುವಂಥದ್ದು ಎಂದು ಅರ್ಥ ಮಾಡಿಕೊಂಡರೆ ಸಾಕು. ಅಮೆರಿಕದ ಲೇಖಕಿ ಸುಸಾನ್ ಸೊಂಟಾಗ್ 1964ರಲ್ಲಿ ಈ ರುಚಿಯ ಬಗ್ಗೆ ಬರೆದ ಪ್ರಬಂಧ ಇಂದಿಗೂ ಚರ್ಚೆಯಾಗುತ್ತದೆ. ಅದರಲ್ಲಿ ಅವರು ಎರಡು ಬಗೆಯನ್ನು ಬೇರ್ಪಡಿಸಿದರು. ಮಾಡಿದವರು ಗಂಭೀರವಾಗಿಯೇ ಮಾಡಲು ಹೋಗಿ ಕೈಮೀರಿ ಅತಿಯಾದದ್ದು ಒಂದು. ಅತಿ ಎಂದು ತಿಳಿದೇ, ಬೇಕೆಂದೇ ಮಾಡಿದ್ದು ಇನ್ನೊಂದು.

ಮೊದಲ ಬಗೆಗೆ 1987ರ 'ಜಾಸ್: ದ ರಿವೆಂಜ್' ಒಳ್ಳೆಯ ಉದಾಹರಣೆ. ಒಂದು ಕುಟುಂಬದ ಮೇಲೆ ಹಗೆ ಸಾಧಿಸಲು ಶಾರ್ಕ್ ಅಮೆರಿಕದ ಕರಾವಳಿಯಿಂದ ಬಹಾಮಾಸ್ ದ್ವೀಪಗಳವರೆಗೆ ಬೆನ್ನು ಹತ್ತುತ್ತದೆ. ಮೀನಿಗೆ ಗರ್ಜನೆಯ ಸದ್ದನ್ನೂ ಕೊಟ್ಟಿದ್ದಾರೆ. ಇದೆಲ್ಲ ತಮಾಷೆಗೆಂದು ಮಾಡಿದ್ದಲ್ಲ. ವಿಮರ್ಶಕರು ಅದನ್ನು ಹರಿದು ಹಾಕಿದರು. ಅದರ ಚಿತ್ರೀಕರಣದಲ್ಲಿ ಇದ್ದ ಕಾರಣಕ್ಕೆ ನಟ ಮೈಕಲ್ ಕೇನ್ ಬೇರೊಂದು ಚಿತ್ರಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ತಾವೇ ಹೋಗಿ ತೆಗೆದುಕೊಳ್ಳಲಾಗಲಿಲ್ಲ. ಎರಡನೇ ಬಗೆಗೆ 2013ರ ಟಿವಿ ಸಿನಿಮಾ 'ಶಾರ್ಕ್‌ನೇಡೋ' ಸಾಕು: ಸುಂಟರಗಾಳಿ ಸಮುದ್ರದಿಂದ ಶಾರ್ಕ್‌ಗಳನ್ನು ಎತ್ತಿಕೊಂಡು ಬಂದು ಊರಿನ ಮೇಲೆ ಸುರಿಯುತ್ತದೆ. ಇದನ್ನು ವಿಮರ್ಶಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೆಚ್ಚಿದರು. ಅಸಂಬದ್ಧ ಎಂಬ ಒಂದೇ ಕಾರಣಕ್ಕೆ ವಿಮರ್ಶಕರು ಸಿನಿಮಾ ತಳ್ಳಿಹಾಕುತ್ತಾರೆ ಎಂಬ ನಂಬಿಕೆ ಇಲ್ಲಿಗೇ ಬಿದ್ದುಹೋಗುತ್ತದೆ.

'ಮೆಗ್ 2' ತಾನು ಯಾವ ಬಗೆ ಎಂದು ಮೊದಲ ದೃಶ್ಯದಲ್ಲೇ ಸಾರುತ್ತದೆ. ಕಡಲ ದಂಡೆಗೆ ಬಂದ ಟಿರನೊಸಾರಸ್ ರೆಕ್ಸನ್ನು ಮೆಗಲೊಡಾನ್ ನೀರಿನಿಂದ ಚಿಮ್ಮಿ ನುಂಗುತ್ತದೆ. ಆ ಡೈನೊಸಾರ್ ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮೆಗಲೊಡಾನ್ ಹುಟ್ಟಿದ್ದೇ ಅದಾದ ನಾಲ್ಕು ಕೋಟಿಗೂ ಹೆಚ್ಚು ವರ್ಷಗಳ ನಂತರ, ಅಳಿದದ್ದು ಸುಮಾರು 36 ಲಕ್ಷ ವರ್ಷಗಳ ಹಿಂದೆ. ಎರಡೂ ಎದುರುಬದುರಾಗಲು ಸಾಧ್ಯವೇ ಇರಲಿಲ್ಲ. ಮುಂದೆ ನಾಯಕ ಏಳು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ನೆಲದ ಮೇಲಿನ ಗಾಳಿಯೊತ್ತಡದ ಏಳುನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ, ರಕ್ಷಣಾ ಉಡುಪಿಲ್ಲದೆ ಈಜಿ ಬರುತ್ತಾನೆ. ಲಾಜಿಕ್ಕು ಹೊರಗಿಟ್ಟು ಒಳಗೆ ಬನ್ನಿ ಎಂದು ಸಿನಿಮಾ ನೇರವಾಗಿಯೇ ಕರೆಯುತ್ತಿದೆ.

ಈ ಕರೆಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಭಾಗದವರಿಗೆ ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕಗಳನ್ನು ನೆನೆದರೆ ಸಾಕು. ಬನದ ಹುಣ್ಣಿಮೆಗೆ ಶುರುವಾಗುವ ಆ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕುತ್ತವೆ, ರಾತ್ರಿಗೆ ಒಂದಕ್ಕಿಂತ ಹೆಚ್ಚು ಪ್ರಯೋಗ ನಡೆಯುತ್ತದೆ. ಅಲ್ಲಿ ಕೂತವರಾರೂ ಪರದೆಯ ಮೇಲಿನ ಅರಮನೆಯನ್ನು ನಿಜವಾದ ಅರಮನೆ ಎಂದುಕೊಳ್ಳುವುದಿಲ್ಲ. ಖಳನ ನಗು ಅಷ್ಟುದ್ದ ಯಾಕೆ, ಹಾಸ್ಯಪಾತ್ರಧಾರಿ ಇಲ್ಲದ ಸೊಲ್ಲು ಯಾಕೆ ಸೇರಿಸಿದ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಬದಲಿಗೆ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಹಾಗೆಂದು ಆ ಪ್ರೇಕ್ಷಕರಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದಿಲ್ಲವೇ? ಅವರಷ್ಟು ಖಡಕ್ಕಾಗಿ ಅಳೆಯುವವರು ಇನ್ನೊಬ್ಬರಿಲ್ಲ. ಹಾಸ್ಯಪಾತ್ರ ಒಂದು ತಾಸು ತಡವಾಗಿ ಬಂದರೆ, ಅಲ್ಲಿಯವರೆಗೆ ಜಮೀನಿನ ಜಗಳದ ಮಾತೇ ಎಳೆಯುತ್ತಿದ್ದರೆ, ಟೆಂಟಿನ ಹಿಂದಿನ ಸಾಲಿನಿಂದ ಗದ್ದಲ ಶುರುವಾಗುತ್ತದೆ. ನಾಟಕ ವಾಸ್ತವವಾಗಿಲ್ಲ ಎಂಬುದಲ್ಲ ಅವರ ದೂರು. ಕೊಡುತ್ತೇನೆಂದ ಮಜಾ ಕೊಡಲಿಲ್ಲ ಎಂಬುದು.

'ಮೆಗ್ 2' ಬಗ್ಗೆ ಬಂದ ವಿಮರ್ಶೆಗಳ ಬಹುದೊಡ್ಡ ಭಾಗ ಇದೇ ದೂರು. ಅದಕ್ಕೆ ಹೋಗುವ ಮೊದಲು ಆ 27ರ ಲೆಕ್ಕ ಬಿಡಿಸಬೇಕು.

27 ಅಂದರೆ ನೂರಕ್ಕೆ 27 ಅಂಕ ಅಲ್ಲ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಬೆಳೆದ ಕಣ್ಣಿಗೆ 27 ಕಂಡೊಡನೆ ಫೇಲು ಎಂದೇ ಅನಿಸುತ್ತದೆ. ರಾಟನ್ ಟೊಮ್ಯಾಟೋಸ್ ಎಂಬ ಅಮೆರಿಕದ ತಾಣ 1998ರಿಂದ ಕೊಡುತ್ತಿರುವ ಈ ಅಂಕಿ ಅಂಕವೇ ಅಲ್ಲ, ತಲೆ ಎಣಿಕೆ. ಪತ್ರಿಕೆಗಳ, ಜಾಲತಾಣಗಳ ವಿಮರ್ಶಕರು ಬರೆದ ಒಂದೊಂದು ವಿಮರ್ಶೆಯನ್ನೂ ಅಲ್ಲಿ ಎರಡು ಬುಟ್ಟಿಗಳಲ್ಲಿ ಒಂದಕ್ಕೆ ಹಾಕುತ್ತಾರೆ: ಒಟ್ಟಾರೆ ಮೆಚ್ಚುಗೆ, ಅಥವಾ ಒಟ್ಟಾರೆ ಅಸಮಾಧಾನ. ನಡುವೆ ಮೂರನೇ ಬುಟ್ಟಿ ಇಲ್ಲ. ನೂರು ವಿಮರ್ಶೆಯಲ್ಲಿ ಎಷ್ಟು ಮೊದಲ ಬುಟ್ಟಿಗೆ ಬಿದ್ದವು ಎಂಬುದೇ ಆ ಪರ್ಸೆಂಟ್. 60 ಅಥವಾ ಅದಕ್ಕಿಂತ ಹೆಚ್ಚಾದರೆ ಕೆಂಪು ಟೊಮ್ಯಾಟೊ, ಕಡಿಮೆಯಾದರೆ ಜಜ್ಜಿದ ಹಸಿರು.

ಹತ್ತು ಜನ ವಿಮರ್ಶಕರು ಒಂದು ಸಿನಿಮಾ ನೋಡಿದರು, ಹತ್ತೂ ಜನ "ಪರವಾಗಿಲ್ಲ, ಒಮ್ಮೆ ನೋಡಬಹುದು" ಎಂದು ಹತ್ತಕ್ಕೆ ಆರು ಕೊಟ್ಟರು ಎಂದುಕೊಳ್ಳಿ. ಹತ್ತೂ ಮೆಚ್ಚುಗೆಯ ಬುಟ್ಟಿಗೆ ಬಿದ್ದು ಆ ಸಿನಿಮಾಕ್ಕೆ 100 ಪರ್ಸೆಂಟ್ ಬರುತ್ತದೆ. ಇನ್ನೊಂದು ಸಿನಿಮಾ ನೋಡಿ ಆರು ಜನ ಹತ್ತಕ್ಕೆ ಹತ್ತು ಕೊಟ್ಟರು, ನಾಲ್ಕು ಜನ ಹತ್ತಕ್ಕೆ ನಾಲ್ಕು ಕೊಟ್ಟರು. ಇದರ ಸರಾಸರಿ 7.6, ಮೊದಲನೆಯದಕ್ಕಿಂತ ಎಷ್ಟೋ ಮೇಲೆ. ಆದರೂ ಇದಕ್ಕೆ ಸಿಗುವುದು 60 ಪರ್ಸೆಂಟ್ ಮಾತ್ರ. ಯಾರಿಗೂ ಬೇಸರ ತರದ ಸಾಧಾರಣ ಸಿನಿಮಾ ಎತ್ತರದಲ್ಲಿ ಕೂರುತ್ತದೆ, ಕೆಲವರಿಗೆ ಹುಚ್ಚು ಹಿಡಿಸುವ ಸಿನಿಮಾ ಕೆಳಗೆ.

ದೈತ್ಯಪ್ರಾಣಿಗಳ ಎರಡನೇ ಭಾಗಕ್ಕೆ ಈ ಎಣಿಕೆ ಇನ್ನೂ ಕಠಿಣ. ಇಂಥ ಚಿತ್ರಗಳಿಗೆ ಹತ್ತಕ್ಕೆ ಒಂಬತ್ತು ಕೊಡುವವರೂ ವಿರಳ, ಸೊನ್ನೆ ಕೊಡುವವರೂ ವಿರಳ. ಹೆಚ್ಚಿನವರು ನಾಲ್ಕು, ಐದು, ಆರರ ಸುತ್ತ ಸುಳಿಯುತ್ತಾರೆ. ಮೆಚ್ಚುಗೆ–ಅಸಮಾಧಾನದ ಗೆರೆ ಹಾದುಹೋಗುವುದೂ ಸರಿಯಾಗಿ ಅಲ್ಲಿಯೇ. ಆದ್ದರಿಂದ ಎಲ್ಲರ ಮನಸ್ಸು ಅರ್ಧ ಅಂಕದಷ್ಟು ಕೆಳಗೆ ಜಾರಿದರೂ ರಾಶಿ ರಾಶಿ ವಿಮರ್ಶೆಗಳು ಒಮ್ಮೆಲೇ ಆಚೆ ಬುಟ್ಟಿಗೆ ಬೀಳುತ್ತವೆ.

'ಮೆಗ್' ಸರಣಿಯಲ್ಲಿ ಆದದ್ದು ಬಹುಪಾಲು ಇದೇ. ಟೊಮ್ಯಾಟೊ ಲೆಕ್ಕದಲ್ಲಿ ಮೊದಲ ಭಾಗ 40ರ ಮಧ್ಯದಲ್ಲಿ ನಿಂತಿತ್ತು, ಎರಡನೆಯದು 27ರ ಆಸುಪಾಸಿಗೆ ಇಳಿಯಿತು. ದೊಡ್ಡ ಕುಸಿತ ಅನಿಸುತ್ತದೆ. ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ತಲೆ ಎಣಿಸುವುದಿಲ್ಲ, ಪ್ರತಿ ವಿಮರ್ಶೆಗೂ ನೂರರ ಮೇಲೆ ಅಂಕ ಹಾಕಿ ಸರಾಸರಿ ತೆಗೆಯುತ್ತದೆ, ಕೆಲವು ವಿಮರ್ಶಕರ ಮಾತಿಗೆ ಹೆಚ್ಚು ತೂಕವನ್ನೂ ಕೊಡುತ್ತದೆ. ಅಲ್ಲಿ ಮೊದಲ ಭಾಗಕ್ಕೆ 46, ಎರಡನೆಯದಕ್ಕೆ 40. ಅದೇ ಸಿನಿಮಾ, ಹೆಚ್ಚುಕಡಿಮೆ ಅದೇ ವಿಮರ್ಶಕರು, ಇಳಿದದ್ದು ಆರೇ ಅಂಕ. ಮೊದಲನೆಯದಕ್ಕೆ "ಪರವಾಗಿಲ್ಲ" ಎಂದಿದ್ದವರಲ್ಲಿ ಒಂದಷ್ಟು ಜನ ಎರಡನೆಯದಕ್ಕೆ "ಅಷ್ಟಕ್ಕಷ್ಟೇ" ಎಂದರು. ಮೊಬೈಲಿನಲ್ಲಿ 27 ನೋಡಿದವನಿಗೆ ಮುಕ್ಕಾಲು ಜನ ಥಿಯೇಟರಿನಿಂದ ಎದ್ದು ಓಡಿದರೇನೋ ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನನ್ನ ಮಟ್ಟಿಗೆ, ಈ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರಿಂದ ಎಷ್ಟೋ ಮನೆಗಳಲ್ಲಿ ಒಳ್ಳೆಯ ಸಂಜೆಗಳು ಹಾಳಾಗಿವೆ.

ಜನರ ಅಂಕಿಯೂ ಒಂದೇ ಅಲ್ಲ

ಟೊಮ್ಯಾಟೊ ಪಕ್ಕದಲ್ಲೇ ಪಾಪ್‌ಕಾರ್ನ್ ಡಬ್ಬಿಯ ಚಿತ್ರ ಇರುತ್ತದೆ. ಅದು ಪ್ರೇಕ್ಷಕರದು. 'ಮೆಗ್ 2'ಕ್ಕೆ ಅಲ್ಲಿ 70ರ ಆಸುಪಾಸು, ಮೊದಲ ಭಾಗಕ್ಕೆ 50ಕ್ಕಿಂತ ಕಡಿಮೆ. ವಿಮರ್ಶಕರಿಗೆ ಮೊದಲನೆಯದೇ ವಾಸಿ, ಜನರಿಗೆ ಎರಡನೆಯದೇ ಚೆನ್ನ ಎಂದು ಓದಲು ಮನಸ್ಸಾಗುತ್ತದೆ. ಅವಸರ ಬೇಡ. 2019ರಲ್ಲಿ ಆ ತಾಣ ಎಣಿಸುವ ಕ್ರಮವನ್ನೇ ಬದಲಿಸಿ, ಟಿಕೆಟ್ ಕೊಂಡದ್ದು ಖಚಿತವಾದವರ ಅಭಿಪ್ರಾಯವನ್ನು ಮುಂದಿಡತೊಡಗಿತು. ಮೊದಲ ಭಾಗ ಬಂದದ್ದು ಅದಕ್ಕೂ ಮುಂಚೆ, ಸಿನಿಮಾ ನೋಡದವರೂ ಬಂದು ಅಂಕ ಹಾಕಬಹುದಿದ್ದ ಕಾಲದಲ್ಲಿ. ದುಡ್ಡು ಕೊಟ್ಟು, ಇಂಥ ಸಿನಿಮಾವೇ ಬೇಕೆಂದು ಹೋದವರನ್ನು ಮಾತ್ರ ಕೇಳಿದರೆ ಅಂಕಿ ಮೇಲೇರುವುದು ಸಹಜ.

ಇನ್ನೂ ಒಂದು ಅಳತೆಯಿದೆ, ಸಿನೆಮಾಸ್ಕೋರ್. ಬಿಡುಗಡೆಯ ರಾತ್ರಿ ಅಮೆರಿಕದ ಥಿಯೇಟರುಗಳ ಬಾಗಿಲಲ್ಲಿ ಪ್ರೇಕ್ಷಕರ ಕೈಗೆ ಕಾರ್ಡ್ ಕೊಟ್ಟು ಎ ಪ್ಲಸ್‌ನಿಂದ ಎಫ್‌ವರೆಗೆ ಶ್ರೇಣಿ ಕೇಳುತ್ತಾರೆ. ಫಸ್ಟ್ ಡೇ ಬಂದವರೆಂದರೆ ಆಗಲೇ ಒಲವಿದ್ದವರು, ಅವರೂ ಕೈ ಬಿಗಿ ಹಿಡಿದರೆ ಸಿನಿಮಾ ಎಲ್ಲೋ ಎಡವಿದೆ ಎಂದರ್ಥ. ಮೊದಲ 'ಮೆಗ್'ಗೆ ಬಿ ಪ್ಲಸ್ ಬಂದಿತ್ತು, ಎರಡನೆಯದಕ್ಕೆ ಬಿ ಮೈನಸ್. ಅಭಿಮಾನಿಗಳಿಗೂ ಏನೋ ಕಮ್ಮಿ ಅನಿಸಿತ್ತು.

ಬೈದದ್ದು ಹುಚ್ಚಾಟಕ್ಕಲ್ಲ

ಹಾಗಾದರೆ ಕಮ್ಮಿಯಾದದ್ದು ಏನು?

ಮೊದಲನೆಯದು, ಪ್ರಾಣಿ ತಡವಾಗಿ ಬಂತು. ಡೈನೊಸಾರ್ ನುಂಗಿದ ಆ ಮೊದಲ ದೃಶ್ಯ ಮುಗಿದ ಮೇಲೆ ಸಿನಿಮಾ ಸಾಗರದ ತಳಕ್ಕಿಳಿದು ಬಹಳ ಹೊತ್ತು ಅಲ್ಲೇ ಉಳಿಯುತ್ತದೆ. ತಳದಲ್ಲಿ ಕಳ್ಳ ಗಣಿಗಾರಿಕೆ ನಡೆಸುವ ಒಂದು ತಂಡ, ಒಳಗಿನವರ ದ್ರೋಹ, ಕತ್ತಲಲ್ಲಿ ಭಾರದ ಉಡುಪು ತೊಟ್ಟು ನಡೆಯುವ ಜನ. ಶಾರ್ಕ್ ನೋಡಲು ಬಂದವರಿಗೆ ಸಿಕ್ಕಿದ್ದು ಗಣಿ ಖಳರು. ಕೊನೆಯ ಭಾಗದಲ್ಲಿ ಪ್ರವಾಸಿಗರಿಂದ ತುಂಬಿದ ಮೋಜಿನ ದ್ವೀಪವೊಂದಕ್ಕೆ ಮೂರು ಮೆಗಲೊಡಾನ್, ಒಂದು ದೈತ್ಯ ಆಕ್ಟೋಪಸ್, ನೆಲದ ಮೇಲೂ ಓಡುವ ಹಲ್ಲಿಜಾತಿಯ ಪ್ರಾಣಿಗಳು ಒಟ್ಟಿಗೆ ನುಗ್ಗುತ್ತವೆ. ಸ್ಟೇಥಮ್ ನೀರಿನ ಮೇಲೆ ಜೆಟ್ ಸ್ಕೀ ಓಡಿಸುತ್ತ ಸ್ಫೋಟಕ ಕಟ್ಟಿದ ಈಟಿ ಎಸೆಯುತ್ತಾನೆ, ಮುರಿದ ಹೆಲಿಕಾಪ್ಟರಿನ ರೆಕ್ಕೆಯನ್ನೇ ಶಾರ್ಕಿನ ಬಾಯಿಗೆ ನಾಟುತ್ತಾನೆ. ಸಿನಿಮಾವನ್ನು ತಳ್ಳಿಹಾಕಿದ ವಿಮರ್ಶಕರಲ್ಲೂ ಅನೇಕರು ಈ ಕೊನೆಯ ಭಾಗವನ್ನು ಮೆಚ್ಚಿದರು. ಪಕ್ಕದ ಮನೆಯ ಹುಡುಗ "ಲಾಸ್ಟಿಗೆ" ಎಂದದ್ದನ್ನು ಗಮನಿಸಬೇಕು. ಅವನೂ ವಿಮರ್ಶಕರೂ ಅದೇ ಸಿನಿಮಾದಲ್ಲಿ ಅದೇ ಜಾಗಕ್ಕೆ ಬೊಟ್ಟು ಮಾಡುತ್ತಿದ್ದಾರೆ. ಹುಡುಗ ಕೊನೆಯದನ್ನು ನೆನಪಿಟ್ಟುಕೊಂಡ, ವಿಮರ್ಶಕ ಅಲ್ಲಿಯವರೆಗೆ ಕಾದ ಹೊತ್ತನ್ನು ಬರೆದಿಟ್ಟ.

ಎರಡನೆಯ ದೂರು ರಕ್ತದ್ದು. ಜನರನ್ನು ನುಂಗುವ ಸಿನಿಮಾದಲ್ಲಿ ರಕ್ತವೇ ಇಲ್ಲವಲ್ಲ ಎಂದು ಹಲವರು ಬರೆದರು. ಇದರ ಹಿಂದೆ ವ್ಯಾಪಾರವಿದೆ. ಅಮೆರಿಕದಲ್ಲಿ ಈ ಚಿತ್ರಕ್ಕೆ ಪಿಜಿ-13 ಪ್ರಮಾಣಪತ್ರ ಇತ್ತು. ಹದಿಮೂರರ ಒಳಗಿನವರ ತಂದೆತಾಯಿಗೆ ಎಚ್ಚರಿಕೆ ಕೊಡುತ್ತದೆಯೇ ಹೊರತು ಮಕ್ಕಳನ್ನು ತಡೆಯುವುದಿಲ್ಲ. ಅದನ್ನು ಪಡೆಯಬೇಕಾದರೆ ರಕ್ತ, ಕ್ರೌರ್ಯ ಮಿತಿಯಲ್ಲಿರಬೇಕು. ಇದು ಚೀನಾದ ಸಹಭಾಗಿತ್ವದಲ್ಲಿ ಆದ ಸಿನಿಮಾ ಕೂಡ. ಅಲ್ಲಿನ ಜನಪ್ರಿಯ ನಟ ವೂ ಜಿಂಗ್‌ಗೆ ದೊಡ್ಡ ಪಾತ್ರವಿದೆ. ಚೀನಾದಲ್ಲಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಪ್ರಮಾಣಪತ್ರ ಕೊಡುವ ಪದ್ಧತಿ ಇಲ್ಲ, ಥಿಯೇಟರಿಗೆ ಬರುವುದು ಎಲ್ಲರೂ ನೋಡುವಂತೆಯೇ ಇರಬೇಕು. ವಿಮರ್ಶಕನಿಗೆ ಸಪ್ಪೆ ಎನಿಸಿದ್ದೇ ಮಕ್ಕಳನ್ನು ಕರೆದುಕೊಂಡು ಹೋಗುವ ನಮ್ಮಂಥವರಿಗೆ ಅನುಕೂಲ. ಈ ಒಂದು ದೂರನ್ನು ನಾವು ತಿರುಗಿಸಿ ಓದಿಕೊಳ್ಳಬಹುದು.

ಮೂರನೆಯದು ನಿರ್ದೇಶಕರ ಹೆಸರಿನಿಂದ ಹುಟ್ಟಿದ ನಿರೀಕ್ಷೆ. ಮೊದಲ ಭಾಗ ಮಾಡಿದವರು ಜಾನ್ ಟರ್ಟಲ್‌ಟಾಬ್. ಎರಡನೆಯದಕ್ಕೆ ಬಂದವರು ಬೆನ್ ವೀಟ್ಲಿ, ಕಡಿಮೆ ದುಡ್ಡಿನಲ್ಲಿ ವಿಚಿತ್ರವಾದ, ಕಪ್ಪು ಹಾಸ್ಯದ ಬ್ರಿಟಿಷ್ ಸಿನಿಮಾಗಳನ್ನು ಮಾಡಿ ವಿಮರ್ಶಕರ ಪ್ರೀತಿ ಗಳಿಸಿದ್ದವರು. ಇಂಥವರ ಕೈಗೆ ದೈತ್ಯ ಶಾರ್ಕ್ ಸಿಕ್ಕರೆ ಏನೋ ಹೊಸ ಹುಚ್ಚುತನ ಕಾಣಬಹುದು ಎಂದು ಆಸೆಯಿಟ್ಟುಕೊಂಡು ಹೋದವರಿಗೆ ಸಾಮಾನ್ಯ ದೊಡ್ಡ ಬಜೆಟ್ ಸಿನಿಮಾ ಸಿಕ್ಕಿತು. ವೀಟ್ಲಿ ಹೆಸರೇ ಕೇಳಿರದ ನಮ್ಮ ಪ್ರೇಕ್ಷಕನಿಗೆ ಈ ನಿರಾಸೆ ತಟ್ಟುವುದೇ ಇಲ್ಲ. ವಿಮರ್ಶೆ ಓದುವಾಗ ಬರೆದವನು ಏನು ಬಯಸಿ ಹೋಗಿದ್ದ ಎಂಬುದನ್ನು ಹುಡುಕಬೇಕಾದದ್ದು ಇದಕ್ಕೇ. ಒಳ್ಳೆಯ ವಿಮರ್ಶಕರು ಅದನ್ನು ಮೊದಲೆರಡು ಪ್ಯಾರಾದಲ್ಲೇ ಹೇಳಿಬಿಡುತ್ತಾರೆ.

ಅಂಕಿ ಬಿಟ್ಟು ವಿಮರ್ಶೆಯನ್ನೇ ಓದಿದರೆ ಸಿಗುವ ಲಾಭ ದೊಡ್ಡದು. "ಪ್ರಾಣಿ ಬರುವುದು ತಡ" ಎಂದರೆ ಸಣ್ಣ ಮಕ್ಕಳು ಮಧ್ಯಂತರಕ್ಕೆ ಮೊದಲೇ ಬೇಸರಪಡುತ್ತಾರೆ. "ರಕ್ತ ಸಾಲದು" ಎಂದರೆ ಮಕ್ಕಳೊಂದಿಗೆ ಧೈರ್ಯವಾಗಿ ಹೋಗಬಹುದು. "ವಿಜ್ಞಾನಕ್ಕೆ ವಿರುದ್ಧ" ಎಂದರೆ ನಗಲು ತಯಾರಾಗಿ ಹೋಗಬೇಕು. ಮೂರೂ 27 ಎಂಬ ಒಂದೇ ಅಂಕಿಯೊಳಗೆ ಅಡಗಿವೆ, ಮೂರರ ಅರ್ಥವೂ ಬೇರೆ ಬೇರೆ.

ಪಾರ್ಟ್ ಟೂ ಯಾಕೆ ಕಷ್ಟ

ಮೊದಲ ಭಾಗದಲ್ಲಿ ಪ್ರಾಣಿಯೇ ಸುದ್ದಿ. ಎರಡನೆಯದರಲ್ಲಿ ಅದು ಹಳೆಯ ಪರಿಚಯ. ಈ ತೊಡಕು ಹೊಸದಲ್ಲ. 'ಕಿಂಗ್ ಕಾಂಗ್' ಗೆದ್ದ 1933ರಲ್ಲೇ, ಆ ವರ್ಷ ಮುಗಿಯುವುದರೊಳಗೆ, 'ಸನ್ ಆಫ್ ಕಾಂಗ್' ಬಂತು. ಅವಸರದಲ್ಲಿ ಮಾಡಿದ ಆ ಚಿತ್ರ ಭಯ ಬಿಟ್ಟು ನಗಿಸುವ ದಾರಿ ಹಿಡಿಯಿತು. ಅಲ್ಲಿಂದ ಇಲ್ಲಿಯವರೆಗೆ ಎರಡನೇ ಭಾಗಗಳಿಗೆ ಇರುವ ಉಪಾಯಗಳು ಕೆಲವೇ: ಪ್ರಾಣಿಯ ಗಾತ್ರ ಹೆಚ್ಚಿಸು, ಸಂಖ್ಯೆ ಹೆಚ್ಚಿಸು, ಇಲ್ಲವೇ ತನ್ನನ್ನು ತಾನೇ ನೋಡಿ ನಗು.

ಉಪಾಯ ಒಂದೇ ಆದರೂ ಫಲ ಒಂದೇ ಅಲ್ಲ ಎಂಬುದಕ್ಕೆ ಜೇಮ್ಸ್ ಕ್ಯಾಮರೂನ್ ಸಾಕ್ಷಿ. ನಿರ್ದೇಶಕರಾಗಿ ಅವರ ಹೆಸರು ಹೊತ್ತ ಮೊದಲ ಚಿತ್ರವೇ ಒಂದು ದೈತ್ಯಪ್ರಾಣಿ ಸಿನಿಮಾದ ಎರಡನೇ ಭಾಗ, 'ಪಿರಾನಾ 2'. ಅದರಲ್ಲಿ ಮನುಷ್ಯರನ್ನು ತಿನ್ನುವ ಮೀನುಗಳಿಗೆ ರೆಕ್ಕೆ ಬಂದು ಹಾರುತ್ತವೆ. ಚಿತ್ರದ ಮೇಲೆ ಅವರಿಗೆ ಪೂರ್ತಿ ಹಿಡಿತವೂ ಇರಲಿಲ್ಲ, ವಿಮರ್ಶಕರೂ ಕರುಣೆ ತೋರಲಿಲ್ಲ. ಕೆಲವೇ ವರ್ಷಗಳ ನಂತರ, 1986ರಲ್ಲಿ, ಅವರೇ ಮತ್ತೊಂದು ಎರಡನೇ ಭಾಗ ಮಾಡಿದರು: 'ಏಲಿಯನ್ಸ್'. ಅದರ ಮೊದಲ ಭಾಗ 'ಏಲಿಯನ್'ನಲ್ಲಿ ಒಂದೇ ಇದ್ದ ಜೀವಿ ಇಲ್ಲಿ ಹಿಂಡಾಯಿತು. ನಾಯಕಿ ಸಿಗೋರ್ನಿ ವೀವರ್ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಇಂಥ ಸಿನಿಮಾಕ್ಕೆ ಅದು ಅಪರೂಪದ ಗೌರವ. ಪ್ರಾಣಿಗಳ ಸಂಖ್ಯೆ ಹೆಚ್ಚಿದಷ್ಟೇ ಅಲ್ಲಿನ ಮನುಷ್ಯರ ಮೇಲಿನ ನಮ್ಮ ಕಾಳಜಿಯೂ ಹೆಚ್ಚಿತ್ತು.

ತೋಪಾಯಿತು ಎನ್ನುವ ಮೊದಲು

ವಿಮರ್ಶೆ ಕೆಟ್ಟದಾಗಿದೆ ಎಂದರೆ ಸಿನಿಮಾ ತೋಪಾಯಿತು ಎಂದಲ್ಲ. 'ಮೆಗ್ 2'ಕ್ಕೆ ತಗಲಿದ ವೆಚ್ಚ ಸುಮಾರು 13 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಜಗತ್ತಿನಾದ್ಯಂತ ಅದರ ಗಳಿಕೆ 39 ಕೋಟಿ ಡಾಲರ್ ದಾಟಿತು. ಅಮೆರಿಕ, ಕೆನಡಾದಿಂದ ಬಂದದ್ದು ಸುಮಾರು 8 ಕೋಟಿ ಮಾತ್ರ, ಉಳಿದ ಮುಕ್ಕಾಲಿಗೂ ಹೆಚ್ಚು ಪಾಲು ಹೊರಗಿನದು. ಅದರಲ್ಲಿ ಚೀನಾದ್ದೇ ದೊಡ್ಡದು. ಮೊದಲ ಭಾಗದ ಸುಮಾರು 53 ಕೋಟಿಗೆ ಹೋಲಿಸಿದರೆ ಇಳಿಕೆ ಹೌದು, ಆದರೆ ನಿರ್ಮಾಪಕರು ತಲೆ ಮೇಲೆ ಕೈ ಹೊತ್ತು ಕೂರುವ ಲೆಕ್ಕವಲ್ಲ. ವಿಮರ್ಶೆಗಳ ಬಹುಪಾಲು ಇಂಗ್ಲಿಷಿನವು, ಅದರಲ್ಲೂ ಅಮೆರಿಕ ಮತ್ತು ಬ್ರಿಟನ್ನಿನವು. ದುಡ್ಡು ಕೊಟ್ಟ ಪ್ರೇಕ್ಷಕರ ಬಹುಪಾಲು ಬೇರೆ ಭಾಷೆಗಳವರು. 27ನ್ನು ಹಾಕಿದವರೂ 39 ಕೋಟಿಯನ್ನು ಕೊಟ್ಟವರೂ ಬೇರೆ ಬೇರೆ ಜನ.

ಕಾಲ ಕಳೆದ ಮೇಲೆ

ಆ ವರ್ಷದ ಕಳಪೆ ಚಿತ್ರಗಳಿಗೆ ಕೊಡುವ ಗೋಲ್ಡನ್ ರಾಸ್‌ಬೆರಿ ಪ್ರಶಸ್ತಿಯ ಪಟ್ಟಿಯಲ್ಲಿ 'ಮೆಗ್ 2'ಕ್ಕೂ ಜಾಗ ಸಿಕ್ಕಿತು, ಗೆದ್ದದ್ದು ಬೇರೆ ಸಿನಿಮಾ. ಆದರೆ ಬಿಡುಗಡೆಯ ವಾರದ ತೀರ್ಪು ಕೊನೆಯ ತೀರ್ಪಲ್ಲ, ಈ ಬಗೆಯ ಸಿನಿಮಾಗಳಿಗಂತೂ ಖಂಡಿತ ಅಲ್ಲ. 1984ರ 'ಗ್ರೆಮ್ಲಿನ್ಸ್' ಭಾರಿ ಗೆದ್ದಿತ್ತು. ಪುಟ್ಟ ಮುದ್ದು ಪ್ರಾಣಿ ನೀರು ಬಿದ್ದರೆ ಮರಿ ಹಾಕುತ್ತದೆ, ಆ ಮರಿಗಳು ನಡುರಾತ್ರಿಯ ನಂತರ ತಿಂದರೆ ರಾಕ್ಷಸರಾಗುತ್ತವೆ ಎಂಬ ಕತೆ. ಎರಡನೇ ಭಾಗ ಮಾಡುವಾಗ, 1990ರಲ್ಲಿ, ನಿರ್ದೇಶಕ ಜೋ ಡಾಂಟೆ ಹಳೆಯ ಭಯವನ್ನು ಮತ್ತೆ ಬಿಸಿ ಮಾಡಲು ಹೋಗಲಿಲ್ಲ. ಸಿನಿಮಾ ನಡೆಯುತ್ತಿರುವಾಗಲೇ ಗ್ರೆಮ್ಲಿನ್‌ಗಳು ರೀಲನ್ನು ಹಾಳುಗೆಡವಿ ಪ್ರದರ್ಶನವನ್ನೇ ನಿಲ್ಲಿಸುತ್ತವೆ. ಮೊದಲ ಭಾಗವನ್ನು ಟೀಕಿಸಿದ್ದ ವಿಮರ್ಶಕ ಲೆನಾರ್ಡ್ ಮಾಲ್ಟಿನ್ ಅವರೇ ತೆರೆಯ ಮೇಲೆ ಬಂದು ಅದೇ ಟೀಕೆ ಶುರು ಮಾಡುತ್ತಾರೆ, ಗ್ರೆಮ್ಲಿನ್‌ಗಳು ಅವರ ಮೇಲೆ ಎರಗುತ್ತವೆ. ಆ ಪಾತ್ರಕ್ಕೆ ಮಾಲ್ಟಿನ್ ಒಪ್ಪಿದ್ದು ಅವರ ದೊಡ್ಡತನ.

ಆಗ ಆ ಸಿನಿಮಾ ಮೊದಲ ಭಾಗದ ಗಳಿಕೆಯ ಹತ್ತಿರಕ್ಕೂ ಬರಲಿಲ್ಲ. ಇಂದು ಹಾಸ್ಯದ ದೈತ್ಯಪ್ರಾಣಿ ಚಿತ್ರಗಳ ಮಾತು ಬಂದಾಗಲೆಲ್ಲ ಅದರ ಹೆಸರು ಗೌರವದಿಂದ ಬರುತ್ತದೆ, ಮೊದಲನೆಯದಕ್ಕಿಂತ ಅದೇ ಮೇಲು ಎನ್ನುವವರೂ ಇದ್ದಾರೆ. ಮೊದಲ ನಿಮಿಷದಿಂದ ಕೊನೆಯವರೆಗೆ ಅದು ಒಂದೇ ಧೈರ್ಯದಲ್ಲಿ ನಡೆಯುತ್ತದೆ, ಅತಿ ಮಾಡಲು ಎಲ್ಲಿಯೂ ಹಿಂಜರಿಯುವುದಿಲ್ಲ. 'ಮೆಗ್ 2' ಇಡೀ ಚಿತ್ರಕ್ಕೆ ಅಂಥ ದಿನ ಬರುವುದು ನನಗೆ ಅನುಮಾನ. ಆ ದ್ವೀಪದ ಮೇಲಿನ ಕೊನೆಯ ಭಾಗಕ್ಕೆ ಮಾತ್ರ ಬಂದೀತು.